ಹಳೇ ಚಂದಮಾಮ ಬೇಕೇ? ಆನ್‌ಲೈನ್‌ನಲ್ಲಿ ಚಿತ್ರಪುಸ್ತಕ ಕೊಳ್ಳುವ ಬಗೆ, ಹಂತ ಹಂತವಾಗಿ

ನಾನು ಆನ್‌ಲೈನ್‌ನಲ್ಲಿ ಮೊದಲ ಸಲ ಕೊಂಡದ್ದು ಒಂದು ವರ್ಷದ ಚಂದಮಾಮ. 12 ಸಂಚಿಕೆ ಸೇರಿಸಿ ಬೈಂಡ್ ಮಾಡಿದ ದಪ್ಪ ಸಂಪುಟ. ಪಾರ್ಸಲ್ ಬಿಚ್ಚಿದೆ, ಪುಟ ತಿರುವಿದೆ, ಒಂದೇ ಒಂದು ಮುಖಪುಟವೂ ಇರಲಿಲ್ಲ. ಬೈಂಡರು ಬಣ್ಣದ ರಟ್ಟುಗಳನ್ನೆಲ್ಲ ಕಿತ್ತು, ಒಳಗಿನ ಹಾಳೆಗಳನ್ನಷ್ಟೇ ಹೊಲಿದಿದ್ದರು. ಸಾಲದ್ದಕ್ಕೆ ಅಂಚು ಸಮ ಮಾಡಲು ಮಷಿನ್ನಿಗೆ ಕೊಟ್ಟು ಮೂರೂ ಕಡೆ ಕತ್ತರಿಸಿದ್ದರು. ಮರದಿಂದ ಹೆಣ ಇಳಿಸಿ ಹೆಗಲಿಗೆ ಹಾಕಿಕೊಂಡ ವಿಕ್ರಮನ ಚಿತ್ರದಲ್ಲಿ ಕತ್ತಿಯ ತುದಿಯೇ ಹಾರಿಹೋಗಿತ್ತು. ಮಾರಿದವರನ್ನು ಬೈಯುವ ಹಾಗೂ ಇರಲಿಲ್ಲ. ‘ಬೈಂಡ್ ವಾಲ್ಯೂಮ್’ ಅಂತ ಅವರು ಬರೆದೇ ಇದ್ದರು. ಮುಖಪುಟ ಇದೆಯಾ ಅಂತ ನಾನು ಕೇಳಿರಲಿಲ್ಲ, ಅಷ್ಟೇ.

ಭಯಪಡಬೇಡಿ. ಕೇಳುವುದು ಏನನ್ನು ಅಂತ ಗೊತ್ತಿದ್ದರೆ ಈ ಖರೀದಿ ತರಕಾರಿ ಆರಿಸಿದಷ್ಟೇ ಸಲೀಸು.

1. ಬೇಕಾದ ಒಂದೇ ಪುಸ್ತಕವನ್ನು ಚೀಟಿಯಲ್ಲಿ ಬರೆಯಿರಿ.
‘ಹಳೇ ಚಿತ್ರಪುಸ್ತಕ’ ಅಂತ ಹುಡುಕಲು ಹೊರಟರೆ ರಾತ್ರಿ ಎರಡು ಗಂಟೆಯಾದರೂ ಫೋನ್ ಕೆಳಗಿಡುವುದಿಲ್ಲ. ಪುಸ್ತಕದ ಹೆಸರು, ಭಾಷೆ, ಸುಮಾರು ವರ್ಷ, ಗೊತ್ತಿದ್ದರೆ ಚಿತ್ರ ಬರೆದವರ ಹೆಸರು, ಇಷ್ಟು ಬರೆದುಕೊಳ್ಳಿ. ಚಂದಮಾಮವಾದರೆ ಎಂ.ಟಿ.ವಿ. ಆಚಾರ್ಯರ ಮುಖಪುಟವೋ, ಶಂಕರ್ ಅವರ ಬೇತಾಳದ ಚಿತ್ರವೋ, ವಡ್ಡಾದಿ ಪಾಪಯ್ಯನವರ ವರ್ಣಚಿತ್ರವೋ ನಿರ್ಧರಿಸಿ. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಯಾರಾದರೂ ‘1947ರ ಕನ್ನಡ ಸಂಚಿಕೆ’ ಅಂದರೆ ಅಲ್ಲೇ ನಕ್ಕು ಮುಂದೆ ಹೋಗಿ. ಆ ವರ್ಷ ಬಂದದ್ದು ತೆಲುಗು, ತಮಿಳು ಮಾತ್ರ.

2. ಮೂರು ನಾಲ್ಕು ಥರ ಬರೆದು ಹುಡುಕಿ.
ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಒಎಲ್‌ಎಕ್ಸ್, ಈಬೇ, ಏಬ್‌ಬುಕ್ಸ್, ಎಲ್ಲ ಕಡೆಯೂ ಹಳೇ ಪುಸ್ತಕ ಮಾರುವವರಿದ್ದಾರೆ. ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ, ಬಿಡಿಸಿ, ಸ್ಪೆಲ್ಲಿಂಗ್ ತಪ್ಪಿಸಿಯೂ ನೋಡಿ. ಉತ್ತರದ ಕಡೆಯ ವ್ಯಾಪಾರಿಗೆ ಕನ್ನಡವೂ ತೆಲುಗೂ ಒಂದೇ ಥರ ಕಾಣುತ್ತದೆ. ಹಾಗಾಗಿ ‘ತೆಲುಗು’ ಅಂತ ಹಾಕಿದ್ದರೂ ಫೋಟೊ ದೊಡ್ಡದು ಮಾಡಿ ಓದಿ. ಒಳ್ಳೇ ಕನ್ನಡ ಸಂಚಿಕೆಗಳು ಹೀಗೆ ತಪ್ಪು ಹೆಸರಿನಲ್ಲಿ ಅಡಗಿ ಕೂತಿರುತ್ತವೆ. ಉಲ್ಟಾ ಕೂಡ ಆಗುತ್ತದೆ: ಕನ್ನಡದ್ದು ಅಂತ ಕೊಂಡು ತೆಲುಗಿನದು ಬಂದರೆ ಚಿತ್ರ ನೋಡಿಯೇ ತೃಪ್ತಿಪಡಬೇಕು.

3. ಫೋಟೊ ಅವರದ್ದೇನಾ ನೋಡಿ.
ಫೋಟೊವನ್ನು ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ಚಿತ್ರ ಹತ್ತು ಕಡೆ ಸಿಕ್ಕಿದರೆ ಅದು ಎಲ್ಲಿಂದಲೋ ಎತ್ತಿದ್ದು. ಮೇಜಿನ ಮೇಲೆ ಇಟ್ಟು, ಸೊಟ್ಟಗೆ, ಅಂಚಿನಲ್ಲಿ ಹೆಬ್ಬೆರಳು ಕಾಣುವ ಹಾಗೆ ತೆಗೆದ ಫೋಟೊವನ್ನೇ ನಾನು ಹೆಚ್ಚು ನಂಬುತ್ತೇನೆ.

4. ಐದು ಫೋಟೊ ಕೇಳಿ.
ಇದೇ ಮುಖ್ಯ ಹಂತ, ಹೊಸಬರು ಜಾರುವುದೂ ಇಲ್ಲೇ. ಕೇಳಿದರೆ ಬೇಜಾರಾಗುತ್ತಾರೇನೋ ಅಂತ ಸುಮ್ಮನಾಗುತ್ತಾರೆ. ಸಂಕೋಚ ಬೇಡ. ಹೀಗೆ ಬರೆಯಿರಿ:

“ನಮಸ್ಕಾರ ಸರ್. ಈ ಸಂಚಿಕೆ ತೊಗೊಳ್ಳೋ ಮನಸ್ಸಿದೆ. ಮುಖಪುಟ, ಹಿಂದಿನ ರಟ್ಟು, ಪುಸ್ತಕದ ಬೆನ್ನು, ನಡುವಿನ ಪಿನ್ ಇರೋ ಹಾಳೆ, ಬೆಲೆ ಮತ್ತು ವರ್ಷ ಅಚ್ಚಾಗಿರೋ ಪುಟ, ಇವಿಷ್ಟರ ಫೋಟೊ ಕಳಿಸ್ತೀರಾ? ಪುಟ ಎಲ್ಲಾ ಇದೆಯಾ ಎಣಿಸಿ ಹೇಳಿದರೆ ಉಪಕಾರ.”

ನಡುವಿನ ಹಾಳೆ ಯಾಕೆ? ಪಿನ್ ತುಕ್ಕು ಹಿಡಿದು ಕಾಗದ ತಿಂದಿರುತ್ತದೆ. ಆಗ ಮೊದಲು ಕಳಚಿ ಬೀಳುವುದು ನಡುವಿನ ಜೋಡಿ ಹಾಳೆ. ಓದಿದವರು ಯಾರೋ ಅದನ್ನು ಕಳೆದಿರುತ್ತಾರೆ, ಕಥೆ ಮಾತ್ರ ‘ಕಾಡಿಗೆ ಹೋದ’ ಅಂತ ನಿಂತುಬಿಡುತ್ತದೆ. ಹಿಂದಿನ ರಟ್ಟು ಯಾಕೆ? ಮಕ್ಕಳು ಅಲ್ಲಿನ ಬಣ್ಣದ ಚಿತ್ರವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿರುತ್ತಾರೆ. ಅಮರ ಚಿತ್ರಕಥೆಯ ಬಿಡಿ ಸಂಚಿಕೆಯಾದರೆ 32 ಪುಟ ಎಣಿಸಿ ಅಂತ ಹೇಳಿ.

ಬೈಂಡ್ ಆಗಿದ್ದರೆ ಇನ್ನೆರಡು ಪ್ರಶ್ನೆ ಸೇರಿಸಿ: ಮುಖಪುಟಗಳನ್ನು ಉಳಿಸಿದ್ದಾರಾ? ಅಂಚು ಕಟಿಂಗ್ ಆಗಿದೆಯಾ? ಚಿತ್ರದ ಚೌಕಟ್ಟಿನ ಹೊರಗೆ ಬಿಳಿ ಜಾಗ ನಾಲ್ಕೂ ಕಡೆ ಕಾಣಬೇಕು. ಒಂದು ಕಡೆ ಸಣ್ಣದಾಗಿದ್ದರೆ ಕತ್ತರಿ ಬಿದ್ದಿದೆ ಅಂತಲೇ ಅರ್ಥ. ಹುಡುಗನೊಬ್ಬ ಪೆನ್ಸಿಲ್‌ನಲ್ಲಿ ಹೆಸರು, ತರಗತಿ ಬರೆದಿದ್ದರೆ ಮಾತ್ರ ಚಿಂತೆ ಬೇಡ. ನನಗಂತೂ ಅಂಥ ಪ್ರತಿಯೇ ಇಷ್ಟ. ಸಂಗ್ರಹಕ್ಕೆ ಕೊಳ್ಳುವವರು ಇದನ್ನು ಒಪ್ಪುವುದಿಲ್ಲ.

5. ಪುಸ್ತಕದ ವಯಸ್ಸನ್ನು ನೀವೇ ಲೆಕ್ಕ ಹಾಕಿ.
ಪತ್ರಿಕೆಗಾದರೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಮಕ್ಕಳ ಕಥೆಪುಸ್ತಕಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ವ್ಯಾಪಾರಿ ‘ತುಂಬಾ ಹಳೇದು ಸರ್’ ಅನ್ನುತ್ತಾರೆ. ಬೆಲೆ ಮತ್ತು ವಿಳಾಸದ ಸಾಲು ನಿಜ ಹೇಳುತ್ತದೆ.

ಬೆಲೆ ಆಣೆಯಲ್ಲಿದ್ದರೆ ಅದು 1957ರ ಆಸುಪಾಸಿನದು ಇಲ್ಲವೇ ಅದಕ್ಕೂ ಹಿಂದಿನದು. ಆ ವರ್ಷದ ಏಪ್ರಿಲ್‌ನಲ್ಲೇ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು. ‘ನಯೇ ಪೈಸೆ’ ಅಂತಿದ್ದರೆ ಅಲ್ಲಿಂದ 1964ರ ತನಕದ ಕಾಲದ್ದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ‘ಬೆಂಗಳೂರು-4’, ‘ಮದರಾಸು-26’ ಅಂತ ಮಾತ್ರ ಇದ್ದರೆ ಅದಕ್ಕೂ ಹಳೆಯದಿರಬಹುದು. ಆದರೆ ಪಿನ್‌ಕೋಡ್ ಬಂದ ಮೇಲೂ ಹಳೇ ರೂಢಿ ಬಿಡದೆ ಹಾಗೇ ಬರೆದವರಿದ್ದಾರೆ, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಹಿಂದಿನ ಅಚ್ಚು ಅನ್ನಲು ಒಳ್ಳೇ ಗುರುತು.

ರಷ್ಯದ ಚಿತ್ರಪುಸ್ತಕಗಳಿಗೂ ಇದೇ ಉಪಾಯ. ಮಾಸ್ಕೋದ ‘ರಾದುಗ’ ಪ್ರಕಾಶನ ಹುಟ್ಟಿದ್ದು 1982ರಲ್ಲಿ. ರಾದುಗದ ಹೆಸರಿರುವ ಪುಸ್ತಕವನ್ನು ‘1970ರದ್ದು’ ಅಂತ ಮಾರುತ್ತಿದ್ದರೆ ಮಾರುವವರಿಗೇ ಗೊತ್ತಿಲ್ಲ ಅಂತಾಯಿತು.

ಅಮರ ಚಿತ್ರಕಥೆಯಲ್ಲಿ ಸಂಖ್ಯೆ ನೋಡಿ. ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ ಥರದ ಪಾಶ್ಚಾತ್ಯ ಕಥೆಗಳು. 1965ರಲ್ಲಿ ಅವು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ! ಅನಂತ ಪೈ ಅವರ ‘ಕೃಷ್ಣ’ 11ನೆಯದು. ಮುಂದೆ ಮರುಮುದ್ರಣವಾದಾಗ ಅದೇ ಕೃಷ್ಣನಿಗೆ 501 ಅಂತ ಹೊಸ ಸಂಖ್ಯೆ ಬಿತ್ತು. ಹಾಗಾಗಿ 501 ಅಂತಿರುವ ಕೃಷ್ಣನ ಪ್ರತಿಗೆ ‘ಮೊದಲ ಮುದ್ರಣ’ದ ಬೆಲೆ ಹೇಳಿದರೆ ಕೈಮುಗಿದು ಬನ್ನಿ. ಓದಲಿಕ್ಕೆ ಆ ಮರುಮುದ್ರಣಗಳೇ ಚೆನ್ನ, ಅದು ಬೇರೆ ಮಾತು.

6. ಇಂಗ್ಲಿಷ್ ಪದಗಳಿಗೆ ಮೋಸಹೋಗಬೇಡಿ.
ಪುಸ್ತಕದ ಸ್ಥಿತಿಯನ್ನು ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್ ಅಂತ ಇಳಿಸುತ್ತಾ ಹೋಗುತ್ತಾರೆ. ‘ಗುಡ್’ ಅಂದರೆ ಒಳ್ಳೆಯದು ಅಂದುಕೊಂಡಿರಾ? ಚೆನ್ನಾಗಿ ಬಳಸಿ ಸವೆದದ್ದು, ಪುಟ ಮಾತ್ರ ಪೂರ್ತಿ ಇದೆ ಅಂತ ತಿಳಿಯಿರಿ. ‘ಫಾಕ್ಸಿಂಗ್’ ಅಂದರೆ ಹಾಳೆಯ ಮೇಲಿನ ಕಂದು ಚುಕ್ಕೆ. ‘ಎಕ್ಸ್-ಲೈಬ್ರರಿ’ ಅಂದರೆ ವಾಚನಾಲಯದ ಮುದ್ರೆ, ಚೀಟಿ ಎಲ್ಲ ಇರುತ್ತದೆ. ಕೆಲವೊಮ್ಮೆ ಚಿತ್ರದ ಮೇಲೆಯೇ ನೇರಳೆ ಮುದ್ರೆ ಒತ್ತಿರುತ್ತಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಪ್ರಿಂಟ್ ಆನ್ ಡಿಮ್ಯಾಂಡ್’ ಅನ್ನುವುದರ ಬಗ್ಗೆ. ಹಳೇ ಪುಸ್ತಕದ ಸ್ಕ್ಯಾನ್ ಇಟ್ಟುಕೊಂಡು, ನೀವು ದುಡ್ಡು ಕಟ್ಟಿದ ಮೇಲೆ ಅಚ್ಚು ಹಾಕಿ ಕಳಿಸುತ್ತಾರೆ. ಬಣ್ಣದ ಚಿತ್ರಗಳು ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಚಿತ್ರಕ್ಕಾಗಿಯೇ ಕೊಳ್ಳುವವರಿಗೆ ಅದು ಮಸಾಲೆಯಿಲ್ಲದ ದೋಸೆ.

7. ಬೆಲೆಗೆ ಅಂಚೆ ಖರ್ಚು ಕೂಡಿಸಿ.
ಈಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಯಾರು ಎಷ್ಟು ಕೇಳುತ್ತಿದ್ದಾರೆ ಅನ್ನುವುದಕ್ಕಿಂತ ಎಷ್ಟಕ್ಕೆ ಹೋಗಿದೆ ಅನ್ನುವುದನ್ನು ನೋಡಿ. ಹೊರದೇಶದಿಂದ ತರಿಸುವುದಾದರೆ ಸಾಗಣೆಯೇ ಪುಸ್ತಕಕ್ಕಿಂತ ದುಬಾರಿ ಆಗಬಹುದು, ಸುಂಕವೂ ಬೀಳಬಹುದು. ‘ರೇರ್’ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರೆ ಒಂದು ರಾತ್ರಿ ಮಲಗಿ ಎದ್ದು ಆಮೇಲೆ ಯೋಚಿಸಿ.

8. ದುಡ್ಡು ಕಟ್ಟಿ, ನಿಧಾನವಾಗಿ.
ಗೊತ್ತಿಲ್ಲದವರಾದರೆ ಮೊದಲು ಕಡಿಮೆ ಬೆಲೆಯ ಒಂದು ಪುಸ್ತಕ ತರಿಸಿ ನೋಡಿ. ಯುಪಿಐನಲ್ಲಿ ಕಟ್ಟುವುದಾದರೆ ತೆರೆಯ ಮೇಲೆ ಬರುವ ಹೆಸರನ್ನು ಮಾರುವವರ ಹೆಸರಿನೊಂದಿಗೆ ತಾಳೆ ನೋಡಿ. ಮುಂದೆ ಯಾವತ್ತಾದರೂ ‘ರೀಫಂಡ್ ಕೊಡ್ತೀವಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂದರೆ ಹಾಕಲೇಬೇಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಮೋಸವಾಯಿತು ಅನ್ನಿಸಿದ ಕೂಡಲೇ 1930ಕ್ಕೆ ಫೋನ್ ಮಾಡಿ. ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.

9. ಪ್ಯಾಕಿಂಗ್ ಹೇಗಿರಬೇಕು ಅಂತ ಹೇಳಿ.
“ಎರಡು ಕಡೆ ರಟ್ಟು ಇಟ್ಟು, ಪ್ಲಾಸ್ಟಿಕ್ ಸುತ್ತಿ, ಆಮೇಲೆ ಕವರ್‌ಗೆ ಹಾಕಿ ಸರ್.” ರಟ್ಟು ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಿರಲಿ, ಇಲ್ಲದಿದ್ದರೆ ಮೂಲೆಗಳು ಮಡಚಿಕೊಳ್ಳುತ್ತವೆ. ಮಳೆಗಾಲದಲ್ಲಂತೂ ಪ್ಲಾಸ್ಟಿಕ್ ಮರೆಯಬಾರದು. ಇದಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ.

10. ವಿಡಿಯೊ ಮಾಡುತ್ತಾ ಪಾರ್ಸಲ್ ಬಿಚ್ಚಿ.
ಮನೆಯವರ ಕೈಗೆ ಫೋನ್ ಕೊಡಿ. ವಿಳಾಸದ ಚೀಟಿಯಿಂದ ಶುರುಮಾಡಿ ಕೊನೆಯ ಪುಟದವರೆಗೂ ನಿಲ್ಲಿಸದೆ ತೆಗೆಯಲಿ. ಬ್ಲೇಡು ಮೇಲೆ ಮೇಲೆ ಆಡಿಸಿ. ಆತುರಕ್ಕೆ ಒತ್ತಿ ಎಳೆದು ನಾನೊಮ್ಮೆ ಮುಖಪುಟಕ್ಕೇ ಗೀರು ಹಾಕಿದ್ದೇನೆ, ಆ ತಪ್ಪನ್ನು ಕೊರಿಯರ್‌ನವರ ಮೇಲೆ ಹಾಕಲೂ ಆಗಲಿಲ್ಲ. ಬಂದದ್ದನ್ನು ನಾಲ್ಕನೇ ಹಂತದ ಫೋಟೊಗಳ ಜೊತೆ ಹೋಲಿಸಿ. ವ್ಯತ್ಯಾಸವಿದ್ದರೆ ಅದೇ ದಿನ ಮರ್ಯಾದೆಯಿಂದ ತಿಳಿಸಿ.

11. ಹದಿನೈದು ದಿನ ಬೇರೆ ಇಡಿ.
ಹಳೇ ಪುಸ್ತಕದ ಜೊತೆ ಹುಳುವೂ ಬರಬಹುದು. ನೇರ ಕಪಾಟಿಗೆ ಸೇರಿಸಬೇಡಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬಿಳಿ ಕಾಗದದ ಮೇಲೆ ಇಡಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಹರಿದಿದೆ ಅಂತ ಸೆಲ್ಲೋಟೇಪ್ ಅಂಟಿಸಲೇಬೇಡಿ, ಕೆಲವು ವರ್ಷಕ್ಕೆ ಅದು ಹಳದಿಯಾಗಿ ಚಿತ್ರವನ್ನೂ ಕೆಡಿಸುತ್ತದೆ. ದಿನಕ್ಕೊಮ್ಮೆ ಪುಸ್ತಕ ಎತ್ತಿ ಕೆಳಗಿನ ಕಾಗದ ನೋಡಿ. ಸಣ್ಣ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಹುಳು ಇದೆ, ಪುಟ ಪುಟವಾಗಿ ಮೆತ್ತನೆ ಬ್ರಷ್‌ನಲ್ಲಿ ಒರೆಸಿ ಇನ್ನೂ ಹದಿನೈದು ದಿನ ಕಾಯಿರಿ. ಕಾಗದ ಬೆಳ್ಳಗೇ ಇದ್ದರೆ ಕೈ ತೊಳೆದು ಒರೆಸಿಕೊಂಡು, ಬೇತಾಳ ಎಷ್ಟನೇ ಪುಟದಲ್ಲಿದ್ದಾನೆ ನೋಡಿ.