ಬೆಕ್ಕಿನ ಮೂತ್ರಬಾಧೆಯೂ ನೀರಿನ ಲೆಕ್ಕವೂ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಕೆಲವು ಹೊಲಗಳ ಮೇಲೆ, ಬೇಸಗೆಯಲ್ಲಿ ಬಿಳಿಯ ಪದರವೊಂದು ಕಾಣಿಸಿಕೊಳ್ಳುವುದನ್ನು ಅಲ್ಲಿನ ವಿದ್ಯಾರ್ಥಿಗಳು ಬಲ್ಲರು. ನೆಲದ ತೇವದಲ್ಲಿ ಕರಗಿದ್ದ ಲವಣಗಳು, ನೀರು ಆವಿಯಾದ ಬಳಿಕ ಹಿಂದೆ ಉಳಿದು ಹರಳುಗಟ್ಟಿದುದರ ಫಲವಿದು. ನೀರು ಹೋಗುತ್ತದೆ, ಲವಣ ಹೋಗುವುದಿಲ್ಲ. ದ್ರಾವಣದಲ್ಲಿ ನೀರಿನ ಪಾಲು ಒಂದು ಮಿತಿಗಿಂತ ಕಡಿಮೆಯಾದೊಡನೆ ಕರಗಿದ್ದುದು ಘನರೂಪಕ್ಕೆ ಬರಲೇಬೇಕು.

ಇದೇ ನಿಯಮವು ನಮ್ಮ ಮನೆಯ ಬೆಕ್ಕಿನ ಮೂತ್ರಕೋಶದೊಳಗೂ ನಡೆಯುತ್ತದೆ. ಸಾಕುಬೆಕ್ಕುಗಳನ್ನು, ಅದರಲ್ಲಿಯೂ ಗಂಡುಬೆಕ್ಕುಗಳನ್ನು, ಕಾಡುವ ಮೂತ್ರಬಾಧೆಯನ್ನು ಅರಿಯಲು ಭೌತ ಮತ್ತು ರಸಾಯನ ಶಾಸ್ತ್ರಗಳ ಎರಡು ಸರಳ ನಿಯಮಗಳು ಬಹುಮಟ್ಟಿಗೆ ಸಾಕು. ಅವುಗಳನ್ನು ಇಲ್ಲಿ ವಿಚಾರಿಸೋಣ.

ಒಣನಾಡಿನ ಪ್ರಾಣಿ

ನಮ್ಮ ಸಾಕುಬೆಕ್ಕಿನ ಪೂರ್ವಜವು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣಪ್ರದೇಶಗಳ ಕಾಡುಬೆಕ್ಕು. ನೀರು ವಿರಳವಾದ ನಾಡಿನಲ್ಲಿ ಬಾಳಿದ ಈ ಪ್ರಾಣಿಗೆ ನೀರನ್ನು ಉಳಿಸುವ ಶಕ್ತಿ ಅಸಾಧಾರಣವಾಗಿ ಬಂದಿದೆ. ಮನುಷ್ಯನ ಮೂತ್ರಪಿಂಡವು ಮೂತ್ರವನ್ನು ರಕ್ತದ ಸುಮಾರು ನಾಲ್ಕು ಪಟ್ಟು ಸಾಂದ್ರತೆಯವರೆಗೆ ಏರಿಸಬಲ್ಲದು. ಬೆಕ್ಕಿನದು ಸುಮಾರು ಹತ್ತು ಪಟ್ಟಿನವರೆಗೆ. ಅದಕ್ಕೆ ತಕ್ಕಂತೆ ಬೆಕ್ಕಿಗೆ ಬಾಯಾರಿಕೆಯೂ ಕಡಿಮೆ. ಬೇಟೆಯಾಡಿದ ಇಲಿಯ ದೇಹದಲ್ಲಿ ನೂರಕ್ಕೆ 70ರಷ್ಟು ನೀರೇ ಇರುವುದರಿಂದ, ಅದು ತಿನ್ನುವಾಗಲೇ ಕುಡಿದಂತಾಗುತ್ತಿತ್ತು.

ಈಗ ಲೆಕ್ಕ ಮಾಡೋಣ. 4 ಕಿಲೋಗ್ರಾಂ ತೂಗುವ ಬೆಕ್ಕಿಗೆ, ಆಹಾರ ಪಾನೀಯಗಳೆರಡೂ ಸೇರಿ, ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. ಪೊಟ್ಟಣದಲ್ಲಿ ದೊರೆಯುವ ಒಣ ತಿನಿಸಿನಲ್ಲಿ ನೀರು ನೂರಕ್ಕೆ ಹತ್ತರಷ್ಟು ಮಾತ್ರ. ದಿನಕ್ಕೆ 60 ಗ್ರಾಂ ಒಣ ತಿನಿಸು ತಿಂದರೆ ಅದರಿಂದ ದೊರೆಯುವ ನೀರು ಕೇವಲ 6 ಮಿಲಿಲೀಟರ್. ಉಳಿದ 194ನ್ನು ಬಟ್ಟಲಿನಿಂದಲೇ ಕುಡಿಯಬೇಕು. ಅದೇ ಬೆಕ್ಕು, ಮುಕ್ಕಾಲು ಪಾಲು ನೀರಿರುವ 240 ಗ್ರಾಂ ತೇವದ ಆಹಾರವನ್ನು ತಿಂದರೆ 180 ಮಿಲಿಲೀಟರ್ ಅಲ್ಲಿಯೇ ದೊರೆಯಿತು. ಒಣ ತಿನಿಸು ತಿನ್ನುವ ಬೆಕ್ಕು ಹೆಚ್ಚಾಗಿ ಕುಡಿಯುವುದೇನೋ ನಿಜ. ಆದರೆ ಕೊರತೆಯನ್ನು ಸಾಮಾನ್ಯವಾಗಿ ಪೂರ್ತಿಯಾಗಿ ತುಂಬಿಕೊಳ್ಳುವುದಿಲ್ಲ. ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮೀರುವ ನಮ್ಮ ಸೀಮೆಯ ಬೇಸಗೆಯಲ್ಲಿ ಈ ಕೊರತೆ ಇನ್ನೂ ಹಿರಿದಾಗಬಹುದು.

ಮೂರನೆಯ ಘಾತದ ಲಾಭ

ಬೆಕ್ಕಿನ ಮೂತ್ರದಲ್ಲಿ ಕಾಣುವ ಹರಳುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್. ಇದನ್ನು ಸ್ಟ್ರೂವೈಟ್ ಎನ್ನುತ್ತಾರೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ದೊರೆತ ಈ ಖನಿಜಕ್ಕೆ 1845ರಲ್ಲಿ ಈ ಹೆಸರು ಬಂದಿತು. ಎರಡನೆಯದು ಕ್ಯಾಲ್ಸಿಯಂ ಆಕ್ಸಲೇಟ್. ಮೊದಲನೆಯದನ್ನು ತಕ್ಕ ಪಥ್ಯದಿಂದ ಕರಗಿಸಬಹುದು. ಎರಡನೆಯದು ಹಾಗೆ ಕರಗದು.

ಸ್ಟ್ರೂವೈಟ್ ಹರಳು ಕಟ್ಟುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಈ ಮೂರು ಅಯಾನುಗಳ ಸಾಂದ್ರತೆಗಳ ಗುಣಲಬ್ಧ. ಇತರ ಸಂಗತಿಗಳು ಹಾಗೆಯೇ ಇದ್ದು ಮೂತ್ರದ ಗಾತ್ರ ಮಾತ್ರ ಇಮ್ಮಡಿಯಾಯಿತೆನ್ನಿ. ಆಗ ಪ್ರತಿಯೊಂದರ ಸಾಂದ್ರತೆಯೂ ಅರ್ಧವಾಗುತ್ತದೆ. ಗುಣಲಬ್ಧವಾದರೋ ಅರ್ಧದ ಅರ್ಧದ ಅರ್ಧ, ಎಂದರೆ ಎಂಟನೆಯ ಒಂದು ಭಾಗವಾಗುತ್ತದೆ. ಮೂತ್ರವು ಕಾಲುಭಾಗ ಮಾತ್ರ ಹೆಚ್ಚಿದರೂ ಗುಣಲಬ್ಧವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಸ್ವಲ್ಪ ನೀರಿನಿಂದ ಇಷ್ಟು ಲಾಭ ದೊರೆಯುವುದು ಈ ಮೂರನೆಯ ಘಾತದ ಮಹಿಮೆ.

ಮೂತ್ರದ ಆಮ್ಲಗುಣವೂ ಇಲ್ಲಿ ಗಣನೀಯ. ಮಾಂಸಾಹಾರಿಯ ಮೂತ್ರವು ಸಾಧಾರಣವಾಗಿ ಆಮ್ಲೀಯ. ಅದರಲ್ಲಿ ಸ್ಟ್ರೂವೈಟ್ ಕರಗಿಯೇ ಇರುತ್ತದೆ. ಬರಿಯ ಅನ್ನ ರೊಟ್ಟಿಗಳ ಊಟದಿಂದ ಮೂತ್ರವು ಕ್ಷಾರೀಯವಾದರೆ ಹರಳಿಗೆ ಅನುಕೂಲ. ಹಾಗೆಂದು ಆಮ್ಲಗುಣವನ್ನು ಮನಬಂದಂತೆ ಹೆಚ್ಚಿಸುವುದೂ ಸಲ್ಲದು. ಪಾಶ್ಚಾತ್ಯ ದೇಶಗಳಲ್ಲಿ 1980ರ ದಶಕದ ಬಳಿಕ ಬೆಕ್ಕಿನ ತಿನಿಸುಗಳಲ್ಲಿ ಮೆಗ್ನೀಸಿಯಂ ತಗ್ಗಿಸಿ ಆಮ್ಲಗುಣ ಹೆಚ್ಚಿಸಲಾಯಿತು. ಸ್ಟ್ರೂವೈಟ್ ಕಲ್ಲುಗಳ ಪಾಲು ತಗ್ಗಿತು, ಆದರೆ ಆಕ್ಸಲೇಟ್ ಕಲ್ಲುಗಳ ಪಾಲು ಏರಿತು. ನೀರಾದರೋ ಎರಡೂ ಬಗೆಯ ಹರಳುಗಳಿಗೆ ವಿರೋಧಿ.

ನಾಲ್ಕನೆಯ ಘಾತದ ನಷ್ಟ

ಗಂಡುಬೆಕ್ಕಿನ ಮೂತ್ರನಾಳವು ಹೊರತುದಿಯತ್ತ ಸಾಗಿದಂತೆ ಕಿರಿದಾಗುತ್ತದೆ; ಶಿಶ್ನದಲ್ಲಿ ಅದರ ಒಳವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಹೆಣ್ಣುಬೆಕ್ಕಿನ ನಾಳ ಗಿಡ್ಡ ಮತ್ತು ಅಗಲ. ಆದುದರಿಂದ ಅದು ಮುಚ್ಚಿಕೊಳ್ಳುವುದು ಅಪರೂಪ.

ಸಣ್ಣ ಕೊಳವೆಗಳಲ್ಲಿ ದ್ರವದ ಹರಿವನ್ನು 1840ರ ಸುಮಾರಿನಲ್ಲಿ ಅಳೆದ ಫ್ರೆಂಚ್ ವೈದ್ಯ ಪ್ವಾಸ್ಯೋನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಒತ್ತಡವು ಒಂದೇ ಆಗಿದ್ದರೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಜೀವಂತ ನಾಳವು ಗಾಜಿನ ಕೊಳವೆಯಲ್ಲ. ಆದರೂ ನಿಯಮವು ದಾರಿ ತೋರಿಸುತ್ತದೆ. ಊತದಿಂದ ತ್ರಿಜ್ಯವು ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಅದರ ಮೇಲೆ ಲೋಳೆ, ಪ್ರೋಟೀನು, ಹರಳುಗಳು ಕೂಡಿ ಬಿರಡೆಯಂತಾದರೆ ಹರಿವು ನಿಂತೇಹೋಗುತ್ತದೆ.

ಆಗ ಒತ್ತಡವು ಹಿಮ್ಮುಖವಾಗಿ ಮೂತ್ರಪಿಂಡಗಳನ್ನು ಮುಟ್ಟುತ್ತದೆ. ಕಲ್ಮಷಗಳು ರಕ್ತದಲ್ಲಿ ಉಳಿಯುತ್ತವೆ. ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಬೆಕ್ಕು ಸಾಯಬಹುದು.

ಗಡಸು ನೀರೇ ಕಾರಣವೇ?

ಲಿಂಗಸುಗೂರಿನಂತಹ ಒಣಸೀಮೆಯ ಬಾವಿನೀರು ಕಾಸಿದ ಪಾತ್ರೆಯಲ್ಲಿ ಬಿಳಿಯ ಕರೆ ಕಟ್ಟುವುದನ್ನು ಕಂಡವರು, ಬೆಕ್ಕಿನ ಕಲ್ಲಿಗೂ ಈ ನೀರೇ ಕಾರಣವೆಂದು ಊಹಿಸುವುದು ಸಹಜ. ಆದರೆ ಪಾತ್ರೆಯ ಕರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಕ್ಕಿನ ಹರಳುಗಳು ಬೇರೆಯ ವಸ್ತುಗಳು. ಗಡಸು ನೀರೇ ಬೆಕ್ಕಿನ ಕಲ್ಲಿಗೆ ಕಾರಣವೆಂಬುದು ಸಿದ್ಧವಾಗಿಲ್ಲ. ಮನೆಯವರು ಕುಡಿಯುವ ನೀರನ್ನೇ ಬೆಕ್ಕಿಗೂ ಇಟ್ಟರಾಯಿತು. ನೀರು ಕೆಡುಕೆಂದು ಹೆದರಿ ಬಟ್ಟಲನ್ನು ಬರಿದಾಗಿಸುವುದೇ ನಿಜವಾದ ಕೆಡುಕು.

ಇನ್ನೊಂದು ಸಂಗತಿಯನ್ನೂ ವಾಚಕರು ಗಮನಿಸಬೇಕು. ಮೂತ್ರಬಾಧೆಯ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಲ್ಲಾಗಲಿ ಸೋಂಕಾಗಲಿ ದೊರೆಯುವುದಿಲ್ಲ. ಮೂತ್ರಕೋಶದ ಒಳಪದರ ಉರಿಗೊಂಡಿರುತ್ತದೆ, ಅಷ್ಟೆ. ಹೊಸ ಮನೆ, ಹೊಸ ಪ್ರಾಣಿ, ಗದ್ದಲ ಇವುಗಳಿಂದಾಗುವ ಕಳವಳಕ್ಕೂ ಈ ಉರಿಗೂ ಸಂಬಂಧವುಂಟು. ಬೊಜ್ಜು ಮತ್ತು ಚಲನೆಯಿಲ್ಲದ ಬಾಳು ಅಪಾಯವನ್ನು ಹೆಚ್ಚಿಸುತ್ತವೆ.

ತಡೆಯುವ ಬಗೆ

ಮೇಲಿನ ವಿಚಾರದಿಂದ ಉಪಾಯಗಳು ತಾವಾಗಿಯೇ ಹೊರಡುತ್ತವೆ.

1. ಅಗಲಬಾಯಿಯ ಎರಡು ಮೂರು ಬಟ್ಟಲುಗಳಲ್ಲಿ ನೀರನ್ನು ನೆರಳಿನಲ್ಲಿ, ಆಹಾರದಿಂದ ತುಸು ದೂರ ಇಡಬೇಕು. ದಿನವೂ ಬಟ್ಟಲು ತೊಳೆದು ನೀರು ಬದಲಿಸಬೇಕು.

2. ಆಹಾರವು ಆದಷ್ಟು ತೇವವಾಗಿರಲಿ. ಮೀನು ಅಥವಾ ಕೋಳಿಮಾಂಸ ಬೇಯಿಸಿದ ನೀರನ್ನು ಬೆರೆಸಬಹುದು. ಅದರಲ್ಲಿ ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿಗೆ ವಿಷ.

3. ಹಾಲನ್ನು ನೀರಿಗೆ ಬದಲಾಗಿ ಕೊಡಬಾರದು. ಬೆಳೆದ ಅನೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗದು. ಭೇದಿಯಾದರೆ ಇದ್ದ ನೀರೂ ಹೋಗುತ್ತದೆ.

4. ಮನೆಯೊಳಗೇ ಇರುವ ಬೆಕ್ಕಿಗೆ ಮರಳಿನ ತಟ್ಟೆ ಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕು. ಸದ್ದಿಲ್ಲದ ಕಡೆ ಇಟ್ಟು ದಿನವೂ ಶುಚಿ ಮಾಡಬೇಕು. ಹೊಲಸು ತಟ್ಟೆಗೆ ಹೇಸಿ ಬೆಕ್ಕು ಮೂತ್ರವನ್ನು ತಡೆದುಕೊಂಡರೆ, ಹರಳಿಗೆ ಬೆಳೆಯಲು ಕಾಲಾವಕಾಶ ದೊರೆತಂತೆ.

5. ಬೆಕ್ಕು ದಿನವೂ ಆಡಿ ಓಡುವಂತಿರಲಿ. ಅದಕ್ಕೆ ಅಡಗಲೊಂದು ಮೂಲೆಯೂ ಇರಲಿ.

ಕಾಯಬಾರದ ಗಳಿಗೆ

ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದು, ಅಶೋಕನ ಹೆಸರನ್ನು ಖಚಿತಪಡಿಸಿ ಲೋಕಪ್ರಸಿದ್ಧವಾಯಿತು. ಅದೇ ಅರಸನು ಬೇರೆಡೆ ಬರೆಯಿಸಿದ ಎರಡನೆಯ ಬೃಹತ್ ಶಿಲಾಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದುದನ್ನು ಹೇಳುತ್ತದೆ. ಇಂದು ಪಶುವೈದ್ಯರು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೇ ಇದ್ದಾರೆ; ಬೆಕ್ಕಿಗಾಗಿ ಅವರ ಬಳಿಗೆ ಹೋಗುವುದು ನಾಚಿಕೆಯ ಮಾತಲ್ಲ.

ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ತಿಣುಕುವುದು, ಹನಿ ಹನಿಯಾಗಿ ಮೂತ್ರ ಬೀಳುವುದು, ಅದರಲ್ಲಿ ರಕ್ತ ಕಾಣುವುದು, ಅರಚುವುದು, ಮೂತ್ರದ್ವಾರವನ್ನು ನೆಕ್ಕುತ್ತಲೇ ಇರುವುದು: ಇವು ರೋಗದ ಚಿಹ್ನೆಗಳು. ಮಲಬದ್ಧತೆಯೆಂದು ಇವನ್ನು ತಪ್ಪು ತಿಳಿಯುವುದುಂಟು. ಗಂಡುಬೆಕ್ಕು ತಿಣುಕಿಯೂ ಮೂತ್ರ ಬಾರದಿದ್ದರೆ ಬೆಳಗಾಗಲೆಂದು ಕಾಯದೆ ಅಂದೇ ಪಶುವೈದ್ಯರನ್ನು ಕಾಣಬೇಕು. ಬಾಳೆದಿಂಡಿನ ರಸ ಮುಂತಾದ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ದಾರಿಯೇ ಮುಚ್ಚಿರುವಾಗ ಬಲವಂತವಾಗಿ ನೀರು ಕುಡಿಸುವುದರಿಂದಲೂ ಫಲವಿಲ್ಲ. ಹೊಟ್ಟೆಯನ್ನು ಒತ್ತಬಾರದು, ಉಬ್ಬಿದ ಮೂತ್ರಕೋಶ ಒಡೆಯಬಹುದು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಪ್ಯಾರಸಿಟಮಾಲ್ ಬೆಕ್ಕಿಗೆ ಮಾರಕ.

ನಿತ್ಯದ ನೀರು ಮೂರನೆಯ ಘಾತದಲ್ಲಿ ಕಾಪಾಡುತ್ತದೆ. ನಾಳದ ಸಂಕೋಚ ನಾಲ್ಕನೆಯ ಘಾತದಲ್ಲಿ ಕೊಲ್ಲುತ್ತದೆ. ಆದುದರಿಂದ ಮೊದಲನೆಯದರಲ್ಲಿ ನಿಯಮವನ್ನೂ ಎರಡನೆಯದರಲ್ಲಿ ತ್ವರೆಯನ್ನೂ ಪಾಲಿಸಬೇಕು.