ಬೇಸಿಗೆಯ ರಜೆ ಮತ್ತು ಕಿಶೋರರ ಓದು

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಶಾಲೆಗಳಲ್ಲಿ ಮೊಟ್ಟಮೊದಲು ಬೀಗ ಬೀಳುವುದು ಗ್ರಂಥಾಲಯಕ್ಕೆ. ಮಾರ್ಚ್ ತಿಂಗಳಲ್ಲಿ ವಿದ್ಯಾರ್ಥಿಗಳಿಂದ ಪುಸ್ತಕಗಳನ್ನೆಲ್ಲ ಹಿಂದಕ್ಕೆ ಪಡೆದು, ದಾಸ್ತಾನು ಪುಸ್ತಕದೊಡನೆ ತಾಳೆ ನೋಡಿ, ಕಪಾಟುಗಳಲ್ಲಿ ನುಸಿಗುಳಿಗೆ ಇರಿಸಿ ಬಾಗಿಲು ಮುಚ್ಚಿದರೆ ಅದು ಮತ್ತೆ ತೆರೆಯುವುದು ಜೂನ್ ತಿಂಗಳಲ್ಲಿ. ಪ್ರವೇಶದ ಗಡಿಬಿಡಿ ಮುಗಿಯದಿದ್ದರೆ ಜುಲೈಯಲ್ಲಿ. ವರ್ಷದ ಹತ್ತು ತಿಂಗಳು ಪಠ್ಯಪುಸ್ತಕದ ಭಾರದಿಂದ ತಲೆಯೆತ್ತಲಾಗದ ವಿದ್ಯಾರ್ಥಿಗೆ ಇಷ್ಟಬಂದುದನ್ನು ಓದಲು ಬಿಡುವು ದೊರೆಯುವುದು ಉಳಿದೆರಡು ತಿಂಗಳಲ್ಲಿ. ಆ ಎರಡು ತಿಂಗಳೇ ಪುಸ್ತಕಗಳು ಸೆರೆಯಲ್ಲಿರುವ ಕಾಲ. ಈ ಲೇಖಕನೂ ಹಲವು ವರ್ಷ ಹೀಗೆ ಬೀಗ ಹಾಕಿದವನೇ. ಆದ್ದರಿಂದ ಇಲ್ಲಿ ಹೇಳಹೊರಟಿರುವುದರಲ್ಲಿ ಪರರ ಮೇಲಣ ಆಕ್ಷೇಪಕ್ಕಿಂತ ಆತ್ಮಪರೀಕ್ಷೆಯೇ ಹೆಚ್ಚು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಮೊಳೆತಿತು. ಶಾಲೆ ಮುಚ್ಚಿದಾಗ ಸಾರ್ವಜನಿಕ ಗ್ರಂಥಾಲಯವು ಮಕ್ಕಳನ್ನು ಕರೆಯಬೇಕು ಎಂಬುದೇ ಅದರ ತತ್ತ್ವ. ಓಹಿಯೋ ಪ್ರಾಂತದ ಕ್ಲೀವ್‌ಲೆಂಡ್ ನಗರದಲ್ಲಿ ಲಿಂಡಾ ಈಸ್ಟ್‌ಮನ್ ಎಂಬ ಗ್ರಂಥಪಾಲಿಕೆಯು 1890ರ ದಶಕದಲ್ಲಿ, ರಜೆಗೆ ಮುನ್ನ, ಮಕ್ಕಳಿಗೆ ತಕ್ಕ ಪುಸ್ತಕಗಳ ಪಟ್ಟಿಯನ್ನು ಶಾಲೆಗಳಿಗೆ ಕಳುಹಿಸಿದಳು. 1897ರಲ್ಲಿ ಅಲ್ಲಿಯೇ ಮಕ್ಕಳ ಗ್ರಂಥಾಲಯ ಸಂಘವೊಂದು ಏರ್ಪಟ್ಟಿತು. ಪುಸ್ತಕವನ್ನು ಶುಚಿಯಾದ ಕೈಗಳಿಂದ ಮುಟ್ಟುವುದು ಅದರ ಸದಸ್ಯರ ಮುಖ್ಯ ವ್ರತವಾಗಿತ್ತು. ಮುಂದೆ ಈ ಪದ್ಧತಿ ನಗರದಿಂದ ನಗರಕ್ಕೆ ಹಬ್ಬಿ, ಬೇಸಿಗೆಯ ಓದಿನ ಕಾರ್ಯಕ್ರಮವೆಂಬುದು ಅಲ್ಲಿನ ಗ್ರಂಥಾಲಯಗಳ ನಿತ್ಯಕರ್ಮಗಳಲ್ಲಿ ಒಂದಾಯಿತು. ಬ್ರಿಟನ್ನಿನಲ್ಲಿಯೂ 1999ರಿಂದ ಇಂಥದೇ ಒಂದು ಯೋಜನೆ ನಡೆದಿದ್ದು, ಅದರಲ್ಲಿ ಕಿರಿಯ ಮಕ್ಕಳು ರಜೆಯಲ್ಲಿ ಆರು ಪುಸ್ತಕಗಳನ್ನು ಓದುವ ಪಣ ತೊಡುತ್ತಾರೆ. ಹದಿಹರೆಯದವರು ಸ್ವಯಂಸೇವಕರಾಗಿ ಅವರಿಗೆ ನೆರವಾಗುತ್ತಾರೆ.

ಆದರೆ ಚಿಕ್ಕ ಮಕ್ಕಳನ್ನು ಕರೆತರುವುದು ಸುಲಭ. ಕಷ್ಟವಾದುದು ಹದಿಮೂರರಿಂದ ಹದಿನೆಂಟರವರೆಗಿನ ವಯಸ್ಸು. ಈ ವಯಸ್ಸಿನವರಿಗೆ ಅಜ್ಜಿಕಥೆ ಸಾಲದು, ಗಹನವಾದುದು ರುಚಿಸದು, ಹಿರಿಯರು ‘ಇದನ್ನು ಓದು’ ಎಂದರೆ ಅದೊಂದೇ ಕಾರಣದಿಂದ ಆ ಪುಸ್ತಕ ಬೇಡವಾಗುತ್ತದೆ. ಇದನ್ನು ಚೆನ್ನಾಗಿ ಅರಿತವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದವರು. ಅಲ್ಲಿ ಮೇಬಲ್ ವಿಲಿಯಮ್ಸ್ ಎಂಬಾಕೆ 1919ರಲ್ಲಿ ಶಾಲೆಗಳೊಡನೆ ಕೆಲಸ ಆರಂಭಿಸಿದಳು. ಆಕೆಯ ಯತ್ನದಿಂದ 1929ರಲ್ಲಿ ತರುಣರಿಗೆಂದೇ ಪುಸ್ತಕಗಳ ಪಟ್ಟಿಯೊಂದು ಹೊರಬಂದು, ಮುಂದೆ ಹಲವು ದಶಕಗಳವರೆಗೆ ಅದು ಬೆಳೆಯುತ್ತ ಹೋಯಿತು. ಆಕೆಯ ಗರಡಿಯಲ್ಲಿ ಪಳಗಿದ ಮಾರ್ಗರೆಟ್ ಸ್ಕಾಗಿನ್ ಮತ್ತೂ ಒಂದು ಹೆಜ್ಜೆ ಮುಂದಿಟ್ಟಳು. 1941ರಲ್ಲಿ ಮಕ್ಕಳು ಮತ್ತು ತರುಣರಿಗಾಗಿಯೇ ತೆರೆದ ನೇಥನ್ ಸ್ಟ್ರಾಸ್ ಶಾಖೆಯನ್ನು ವಹಿಸಿಕೊಂಡಿದ್ದ ಆಕೆ, ಹಿರಿಯರು ಬರೆದ ವಿಮರ್ಶೆಯನ್ನು ತರುಣರಿಗೆ ಓದಿಸುವ ಬದಲು ತರುಣರ ಕೈಯಿಂದಲೇ ವಿಮರ್ಶೆ ಬರೆಸಿದಳು. ಅವನ್ನು ಒಂದು ಸಣ್ಣ ಪತ್ರಿಕೆಯಾಗಿ ಹೊರತಂದಳು. 1940ರ ದಶಕದ ಮಧ್ಯಭಾಗದಲ್ಲಿ ಈ ಬಾಲವಿಮರ್ಶಕರು ನ್ಯೂಯಾರ್ಕಿನ ಆಕಾಶವಾಣಿಯವರೆಗೂ ಹೋದರು. ಅಲ್ಲಿ ಪುಸ್ತಕಗಳನ್ನು ಕುರಿತು, ಹಲವೊಮ್ಮೆ ಗ್ರಂಥಕರ್ತರ ಸಮ್ಮುಖದಲ್ಲಿಯೇ, ತಮಗೆ ತೋರಿದುದನ್ನು ಮುಚ್ಚುಮರೆಯಿಲ್ಲದೆ ನುಡಿದರು. ಗ್ರಂಥಕರ್ತರ ಪಾಡೇನಾಗಿತ್ತೋ ನಾವು ಊಹಿಸಿಕೊಳ್ಳಬಹುದು! 2003ರಿಂದ ಅಮೆರಿಕದ ಗ್ರಂಥಾಲಯ ಸಂಘದ ತರುಣ ವಿಭಾಗದವರು ಪ್ರಕಟಿಸುತ್ತ ಬಂದ ಹತ್ತು ಪುಸ್ತಕಗಳ ವಾರ್ಷಿಕ ಪಟ್ಟಿಯ ಹಿಂದೆ ಇರುವುದೂ ಇದೇ ವಿಚಾರ: ಅದರಲ್ಲಿ ಪುಸ್ತಕಗಳನ್ನು ಸೂಚಿಸುವವರೂ ಮತ ನೀಡುವವರೂ ಹದಿಹರೆಯದವರೇ.

ಬೇಸಿಗೆಯ ಕಾರ್ಯಕ್ರಮದಲ್ಲಿ ಇದು ನಡೆಯುವ ಬಗೆ ಅತಿ ಸರಳ. ವಿದ್ಯಾರ್ಥಿಯು ರಜೆಯ ಆರಂಭದಲ್ಲಿ ಹೆಸರು ನೋಂದಾಯಿಸುತ್ತಾನೆ. ಒಂದೊಂದು ಪುಸ್ತಕ ಓದಿ ಮುಗಿಸಿದಾಗಲೂ ಅಂಗೈಯಗಲದ ಚೀಟಿಯೊಂದನ್ನು ತುಂಬುತ್ತಾನೆ: ಪುಸ್ತಕದ ಹೆಸರು, ಗ್ರಂಥಕರ್ತನ ಹೆಸರು, ಎರಡು ಮೂರು ಸಾಲಿನ ಅಭಿಪ್ರಾಯ. ಆ ಚೀಟಿಯನ್ನು ಪುಸ್ತಕವಿರುವ ಹಲಗೆಯ ಅಂಚಿಗೆ ಅಂಟಿಸುತ್ತಾರೆ. ಇಲ್ಲವೇ ಬಾಗಿಲ ಬಳಿಯ ಫಲಕದಲ್ಲಿ ತೂಗುಹಾಕುತ್ತಾರೆ. ಚೀಟಿಯಲ್ಲಿ ಕಥೆಯ ಸಾರಾಂಶವನ್ನು ಕೇಳಬಾರದು. ಸಾರಾಂಶ ಕೇಳಿದೊಡನೆ ಅದು ಪರೀಕ್ಷೆಯ ಉತ್ತರವಾಗಿಬಿಡುತ್ತದೆ. ಈ ಪುಸ್ತಕವನ್ನು ನೀನು ಯಾರಿಗೆ ಕೊಡಬಯಸುವೆ ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಓದಿದವನು ಪುಸ್ತಕವನ್ನು ಮಾತ್ರವಲ್ಲ, ತನ್ನ ಗೆಳೆಯನನ್ನೂ ಕುರಿತು ಯೋಚಿಸಬೇಕಾಗುತ್ತದೆ.

ಇದರಿಂದ ಫಲವುಂಟೇ ಎಂಬ ಪ್ರಶ್ನೆ ಸಹಜ. ಬಾರ್ಬರಾ ಹೈನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟ ನಗರದ ಆರು ಮತ್ತು ಏಳನೆಯ ತರಗತಿಗಳ ಮಕ್ಕಳನ್ನು ಪರಿಶೀಲಿಸಿ 1978ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದಳು. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಜೊತೆಜೊತೆಯಾಗಿ ಸಾಗುತ್ತಾರೆ, ಅಂತರ ಬೆಳೆಯುವುದು ಮುಖ್ಯವಾಗಿ ರಜೆಯಲ್ಲಿ ಎಂದು ಆಕೆ ಕಂಡಳು. ರಜೆಯಲ್ಲಿ ಓದಿದ ಪುಸ್ತಕಗಳ ಸಂಖ್ಯೆಗೂ ಕಲಿಕೆಗೂ ಸಂಬಂಧವಿತ್ತು. ಗ್ರಂಥಾಲಯವು ಮನೆಗೆ ಹತ್ತಿರವಿದ್ದ ಮಕ್ಕಳು ಅದನ್ನು ಹೆಚ್ಚಾಗಿ ಬಳಸಿದರು. ರಜೆಯ ನಷ್ಟದ ಪ್ರಮಾಣವನ್ನು ಕುರಿತು ಅನಂತರದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆಯೆಂಬುದನ್ನು ಇಲ್ಲಿ ಮುಚ್ಚಿಡಬಾರದು. ಆದರೆ 2010ರಲ್ಲಿ ರಿಚರ್ಡ್ ಆಲಿಂಗ್‌ಟನ್ ಮತ್ತು ಆತನ ಸಂಗಡಿಗರು ಪ್ರಕಟಿಸಿದ ಪ್ರಯೋಗ ಗಮನಾರ್ಹವಾದುದು. ಫ್ಲಾರಿಡಾ ಪ್ರಾಂತದ ಬಡ ಮಕ್ಕಳಿಗೆ ಮೂರು ಬೇಸಿಗೆಗಳಲ್ಲಿ, ಪ್ರತಿ ಬೇಸಿಗೆಗೂ ಹನ್ನೆರಡರಂತೆ, ಪುಸ್ತಕಗಳನ್ನು ಕೊಡಲಾಯಿತು, ಆರಿಸಿಕೊಂಡವರು ಮಕ್ಕಳೇ. ಪುಸ್ತಕ ದೊರೆಯದ ಮಕ್ಕಳಿಗಿಂತ ಇವರ ವಾಚನಶಕ್ತಿ ಉತ್ತಮಗೊಂಡಿತ್ತು. ಪಾಠವಿರಲಿಲ್ಲ, ಗುರುಗಳಿರಲಿಲ್ಲ, ಪುಸ್ತಕ ಮತ್ತು ಆಯ್ಕೆ ಎರಡೇ ಇದ್ದುವು.

ಬಹುಮಾನದ ವಿಷಯವಾಗಿ ಒಂದು ಮಾತು. ಅಮೆರಿಕದಲ್ಲಿ ಪುಸ್ತಕ ಓದಿದವರಿಗೆ ತಿಂಡಿಯನ್ನು ಉಚಿತವಾಗಿ ಕೊಡುವ ವಾಣಿಜ್ಯ ಸಂಸ್ಥೆಯ ಯೋಜನೆಯೂ 1984ರಲ್ಲಿ ಹುಟ್ಟಿತು. ಆದರೆ ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದ ಶಿಶುಗಳು ಅನಂತರ ಚಿತ್ರ ಬರೆಯುವುದರಲ್ಲಿಯೇ ಆಸಕ್ತಿ ಕಳೆದುಕೊಂಡುದನ್ನು ಲೆಪ್ಪರ್ ಮೊದಲಾದ ಮನಶ್ಶಾಸ್ತ್ರಜ್ಞರು 1973ರಷ್ಟು ಹಿಂದೆಯೇ ತೋರಿಸಿದ್ದರು. ನಮ್ಮಲ್ಲಿ ಬಹುಮಾನಕ್ಕೆ ಪೆನ್ನು, ಪ್ರಶಸ್ತಿಪತ್ರ, ಭಾಷಣ ಎಲ್ಲವೂ ಬೇಗನೆ ಬಂದುಬಿಡುತ್ತವೆ. ಅವು ತಡವಾಗಿಯೇ ಬರಲಿ.

ಓದುಗ ಮತ್ತು ಪುಸ್ತಕ ಪರಸ್ಪರ ಸಂಧಿಸಲೇಬೇಕೆಂಬ ವಿಚಾರ ನಮಗೆ ಪರದೇಶದಿಂದ ಬರಬೇಕಾದುದೇನಲ್ಲ. ಪುಸ್ತಕಗಳಿರುವುದು ಉಪಯೋಗಕ್ಕಾಗಿ, ಕಾಪಿಡುವುದಕ್ಕಾಗಿ ಅಲ್ಲ ಎಂಬುದನ್ನೇ ಗ್ರಂಥಾಲಯಶಾಸ್ತ್ರದ ಮೊದಲ ಸೂತ್ರವನ್ನಾಗಿ 1931ರಲ್ಲಿ ಸಾರಿದವರು ಎಸ್. ಆರ್. ರಂಗನಾಥನ್. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು, 1972ರಲ್ಲಿ ಕಾಲವಾದುದು ಬೆಂಗಳೂರಿನಲ್ಲಿ. ನಮ್ಮ ರಾಜ್ಯಕ್ಕೆ 1965ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ದೊರೆಯಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಹೆಸರಿನಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ಕಾರ್ಯವೂ ಆರಂಭವಾಯಿತು. ಊರಿನ ಗ್ರಂಥಾಲಯವೇ ಹುಡುಗನನ್ನು ಕರೆಯುತ್ತಿರುವಾಗ ಶಾಲೆಯ ಗ್ರಂಥಾಲಯ ಹೊರದೂಡಬೇಕೆ?

ಹೀಗೆ ಯೋಚಿಸಿ, ಪೂಜ್ಯರ ಅಪ್ಪಣೆ ಪಡೆದು, ಮೂರು ಬೇಸಿಗೆಗಳ ಹಿಂದೆ ವಾರಕ್ಕೆ ಎರಡು ಬೆಳಗು, ಎಂಟರಿಂದ ಹನ್ನೊಂದರವರೆಗೆ, ನಮ್ಮ ಗ್ರಂಥಾಲಯವನ್ನು ತೆರೆದಿಡಲಾರಂಭಿಸಿದೆವು. ಮೊದಲ ಸಲ ನಾನು ಮಾಡಿದ ತಪ್ಪೆಂದರೆ, ನಲವತ್ತು ಉತ್ತಮ ಕೃತಿಗಳ ಪಟ್ಟಿಯನ್ನು ದುಂಡಾದ ಅಕ್ಷರಗಳಲ್ಲಿ ಬರೆದು ಬಾಗಿಲಿಗೆ ಅಂಟಿಸಿದುದು. ಅದನ್ನು ಓದಿ ಪುಸ್ತಕ ಕೇಳಿದವರು ಒಬ್ಬರೂ ಇಲ್ಲ. ಒಬ್ಬ ಸಹೋದ್ಯೋಗಿಗಳು ಮಾತ್ರ ಅಕ್ಷರವನ್ನು ಮೆಚ್ಚಿದರು. ಪ್ರಸಾದ ನಿಲಯದಲ್ಲಿದ್ದ ಹುಡುಗರು ತಮ್ಮ ತಮ್ಮ ಊರುಗಳಿಗೆ ಹೋಗಿಬಿಟ್ಟಿದ್ದುದರಿಂದ ಬರುವವರ ಸಂಖ್ಯೆಯೂ ಅಲ್ಪವಾಗಿತ್ತು.

ಎರಡನೆಯ ವಾರ, ನೆರೆಯ ಹಳ್ಳಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಹಿಂದಿರುಗಿಸಿದನು. ಚೀಟಿಯೊಂದನ್ನು ಕೊಟ್ಟು, ನಿನ್ನ ಗೆಳೆಯರಿಗೆ ಹೇಳುವಂತೆ ಬರೆ ಎಂದೆ. ಅವನು ಬಹಳ ಹೊತ್ತು ಪೆನ್ಸಿಲು ಕಚ್ಚಿ, ‘ಮೊದಲು ಜೇನಿನ ಮಾತು ಬರುತ್ತದೆ, ಬೇಸರ ಅಂತ ಬಿಡಬೇಡಿ. ಆಮೇಲೆ ಕಾಡಿಗೆ ಹೋಗುತ್ತಾರೆ. ಕಿವಿ ಎಂಬ ನಾಯಿ ಇದೆ’ ಎಂದು ಬರೆದನು. ವ್ಯಾಕರಣವನ್ನು ತಿದ್ದಲು ಹೋಗಿದ್ದ ನನ್ನ ಕೈಯನ್ನು ನಾನೇ ತಡೆದುಕೊಂಡೆ. ಆ ಚೀಟಿಯನ್ನು ಹಲಗೆಗೆ ಅಂಟಿಸಿದ ಮೇಲೆ, ರಜೆ ಮುಗಿಯುವವರೆಗೆ ಆ ಪುಸ್ತಕ ಕಪಾಟಿನಲ್ಲಿ ಒಂದು ದಿನವೂ ನಿಲ್ಲಲಿಲ್ಲ. ನಲವತ್ತು ಕೃತಿಗಳ ನನ್ನ ಪಟ್ಟಿಯಲ್ಲಿಯೂ ‘ಕರ್ವಾಲೊ’ ಇದ್ದಿತು, ಹನ್ನೊಂದನೆಯ ಸಂಖ್ಯೆಯಲ್ಲಿ.

ಎಲ್ಲ ಚೀಟಿಗಳೂ ಹೀಗೆ ಸುಖಕರವಾಗಿರಲಿಲ್ಲ. ಮಹನೀಯರೊಬ್ಬರ ಜೀವನಚರಿತ್ರೆಯ ಹತ್ತು ಪ್ರತಿಗಳನ್ನು ಹಿರಿಯ ವಿದ್ಯಾರ್ಥಿಯೊಬ್ಬರು ಶಾಲೆಗೆ ದಾನವಾಗಿ ನೀಡಿದ್ದರು. ಅದನ್ನು ಕುರಿತು ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ‘ಅರ್ಧಕ್ಕೆ ನಿಲ್ಲಿಸಿದೆ. ಇದರಲ್ಲಿ ಅವರು ಒಂದು ಸಲವೂ ತಪ್ಪು ಮಾಡುವುದಿಲ್ಲ’ ಎಂದು ಬರೆದು ಅಂಟಿಸಿದಳು. ಚೀಟಿಯನ್ನು ಕೂಡಲೇ ತೆಗೆಯಬೇಕೆಂದು ಅಧ್ಯಾಪಕರ ಕೊಠಡಿಯಲ್ಲಿ ವಾದ ನಡೆಯಿತು. ದಾನಿಗಳ ಮನಸ್ಸು ನೊಂದರೆ ಮುಂದಿನ ವರ್ಷ ಪುಸ್ತಕಗಳು ಬರುವುದೆಂತು ಎಂಬ ಅಳುಕು ನನಗೂ ಇಲ್ಲದಿರಲಿಲ್ಲ. ಆದರೆ ಆ ಒಂದು ಚೀಟಿಯನ್ನು ಕಿತ್ತರೆ, ಉಳಿದ ಚೀಟಿಗಳನ್ನು ಮಕ್ಕಳು ನಂಬುವುದು ನಿಂತುಹೋಗುತ್ತಿತ್ತು. ಹೊಗಳಿಕೆಗೆ ಬೆಲೆ ಬರುವುದು ತೆಗಳುವ ಸ್ವಾತಂತ್ರ್ಯ ಇದ್ದಾಗಲೇ. ಚೀಟಿ ಅಲ್ಲಿಯೇ ಉಳಿಯಿತು. ವಾರ್ಷಿಕೋತ್ಸವಕ್ಕೆ ಬಂದ ಆ ದಾನಿಗಳು ಅದರ ಮುಂದೆ ನಿಂತು, ಕನ್ನಡಕ ಸರಿಪಡಿಸಿಕೊಂಡು, ಎರಡು ಸಲ ಓದಿದರು. ‘ಮೇಷ್ಟ್ರೇ, ಮುಂದಿನ ಸಲ ಯಾವ ಪುಸ್ತಕ ಬೇಕೆಂದು ಆ ಹುಡುಗಿಯಿಂದಲೇ ಪಟ್ಟಿ ಬರೆಸಿ ಕಳುಹಿಸಿರಿ’ ಎಂದಷ್ಟೇ ಹೇಳಿದರು. ಪಟ್ಟಿ ಹೋಯಿತು, ಪುಸ್ತಕಗಳೂ ಬಂದುವು.

ಇನ್ನು ಗ್ರಂಥಾಲಯಗಳಿಗೆ ಬೀಗ ಬೀಳುವ ನಿಜವಾದ ಕಾರಣವನ್ನು ಹೇಳಿಬಿಡಬೇಕು. ಅದು ಆಲಸ್ಯವಲ್ಲ, ಭಯ. ಹಿಂದೆ ನಾನು ಕೆಲಸಮಾಡಿದ ಶಾಲೆಯೊಂದರಲ್ಲಿ ಕಳೆದುಹೋದ ಏಳು ಪುಸ್ತಕಗಳ ಬೆಲೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಮರುವರ್ಷ ನಾನು ಯಾರಿಗೂ ಪುಸ್ತಕ ಕೊಡಲಿಲ್ಲ. ಒಂದೂ ಕಳೆಯಲಿಲ್ಲ, ತಪಾಸಣೆಗೆ ಬಂದವರು ಮೆಚ್ಚುಗೆಯ ಷರಾ ಬರೆದರು! ಆದರೆ ಭಾರತ ಸರ್ಕಾರವು 2017ರಲ್ಲಿ ಹೊರಡಿಸಿದ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಒಂದು ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಅವು ಒಪ್ಪುತ್ತವೆ. ಆ ನಿಯಮಗಳು ಕೇಂದ್ರ ಸರ್ಕಾರಕ್ಕೆ ಸೇರಿದವು, ನಮ್ಮನ್ನು ಬಂಧಿಸುವುದಿಲ್ಲ. ಆದರೂ ಇಂಥದೊಂದು ಠರಾವನ್ನು ಆಡಳಿತ ಮಂಡಳಿಯವರು ಅಂಗೀಕರಿಸಿದರೆ ಗ್ರಂಥಾಲಯದ ಹೊಣೆ ಹೊತ್ತ ಅಧ್ಯಾಪಕನು ನಿಶ್ಚಿಂತನಾಗಿ ಬಾಗಿಲು ತೆರೆಯಬಲ್ಲನು. ದಾನಿಗಳಲ್ಲಿಯೂ ಒಂದು ವಿನಂತಿ: ಹೊಸ ಕಪಾಟಿಗೆಂದು ಕೊಡುವ ಹಣದಲ್ಲಿ ಒಂದು ಪಾಲನ್ನು ಕಳೆದ ಪುಸ್ತಕಗಳನ್ನು ಮತ್ತೆ ಕೊಳ್ಳುವುದಕ್ಕೆಂದೇ ಮೀಸಲಿಡಲು ಒಪ್ಪಿಗೆ ಕೊಡಿರಿ. ಊರಿಗೆ ಹೋಗುವ ನಿಲಯದ ಮಕ್ಕಳ ಕೈಗೆ ತಲಾ ನಾಲ್ಕು ಪುಸ್ತಕ, ನಾಲ್ಕು ಖಾಲಿ ಚೀಟಿ ಕೊಟ್ಟು ಕಳುಹಿಸಲು ಅದರಿಂದ ಸಾಧ್ಯವಾಗುತ್ತದೆ. ಕಳೆದ ಬೇಸಿಗೆಯಲ್ಲಿ ಹೀಗೆಯೇ ಕಳುಹಿಸಿ ನೋಡಿದೆವು.

ಜೂನಿನಲ್ಲಿ ಲೆಕ್ಕ ಹಾಕಿದಾಗ ಮೂರು ಪುಸ್ತಕಗಳು ಬಂದಿರಲಿಲ್ಲ. ಅವುಗಳಲ್ಲಿ ಒಂದು ದಸರೆಯ ಅನಂತರ ಮರಳಿತು. ರಟ್ಟು ಕಿತ್ತುಹೋಗಿದ್ದಿತು, ಒಳಗೆ ಚೀಟಿ ಒಂದಲ್ಲ, ಮೂರಿದ್ದುವು. ಒಂದು ನಮ್ಮ ಹುಡುಗನದು, ಉಳಿದೆರಡು ನಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತಿರದ ಅವನ ಊರಿನ ಮಕ್ಕಳವು.