ಪದವಿಗಿಂತ ಮೊದಲು ಪ್ರಶ್ನೆ: ಆರೋಗ್ಯ ಶಾಸ್ತ್ರದಲ್ಲಿ ಸಂಶೋಧನೆಯ ವ್ಯಾಸಂಗ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ವಾಚನಾಲಯಕ್ಕೆ ತರುಣ ಸದಸ್ಯರೊಬ್ಬರು ಕರಪತ್ರವೊಂದನ್ನು ಹಿಡಿದು ಬಂದರು. ಇಲ್ಲಿಯೇ ಮುಂಬಯಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅವರು ನೌಕರರು. ರಾತ್ರಿ ಪಾಳಿ ಮಾಡುತ್ತಲೇ ಓದಿ ಎಂ.ಎಸ್‌ಸಿ. ಮುಗಿಸಿದವರು. 'ಮನೆಯಲ್ಲಿಯೇ ಕುಳಿತು ಒಂದು ವರ್ಷದಲ್ಲಿ ಆರೋಗ್ಯ ಶಾಸ್ತ್ರದ ಡಾಕ್ಟರೇಟ್ ಪಡೆಯಿರಿ' ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಸೊಸೈಟಿಯಲ್ಲಿ ಸಾಲವೆತ್ತಿ ಅವರು ಮುಂಗಡವನ್ನು ಕಟ್ಟಿಯೂ ಆಗಿತ್ತು. 'ಇದು ನಿಜವಾದ ಪದವಿಯೇ?' ಎಂದು ಕೇಳಿದರು. ಅಲ್ಲವೆಂದು ಹೇಳಬೇಕಾಗಿ ಬಂದಾಗ ನಮಗೂ ಸಂಕಟವಾಯಿತು. ಅಂದು ಅವರೊಡನೆ ಆಡಿದ ಮಾತುಗಳನ್ನು, ಇತರ ಸದಸ್ಯರಿಗೂ ಅವರ ಮಕ್ಕಳಿಗೂ ಉಪಯೋಗವಾಗಲೆಂದು, ಪಾಠದ ಕ್ರಮದಲ್ಲಿ ಇಲ್ಲಿ ಬರೆದಿದ್ದೇವೆ.

1. ಸಂಶೋಧನೆಯ ಪದವಿ ಎಂದರೇನು?

ಬಿ.ಎಸ್‌ಸಿ., ಎಂ.ಎಸ್‌ಸಿ. ತರಗತಿಗಳಲ್ಲಿ ಬೇರೆಯವರು ಕಂಡುಕೊಂಡದ್ದನ್ನು ನಾವು ಕಲಿಯುತ್ತೇವೆ. ಪರೀಕ್ಷೆಯಲ್ಲಿ ಉತ್ತರ ಬರೆಯುತ್ತೇವೆ. ಪಿಎಚ್.ಡಿ. ಎಂಬ ಸಂಶೋಧನೆಯ ಪದವಿ ಬೇರೆ ಬಗೆಯದು. ಇಲ್ಲಿ ಪ್ರಶ್ನೆಯನ್ನು ನಾವೇ ಹುಡುಕಬೇಕು. ಅದಕ್ಕೆ ಈ ಮೊದಲು ಯಾರೂ ಸರಿಯಾದ ಉತ್ತರ ಕೊಟ್ಟಿರಬಾರದು. ಮಾರ್ಗದರ್ಶಕರೊಬ್ಬರ ಕೈಕೆಳಗೆ ಕೆಲವು ವರ್ಷ ದುಡಿದು, ಸಾಕ್ಷ್ಯ ಕೂಡಿಸಿ, ಉತ್ತರವನ್ನು ಮಹಾಪ್ರಬಂಧವಾಗಿ ಬರೆದು, ತಿಳಿದವರ ಮುಂದೆ ಅದನ್ನು ಸಮರ್ಥಿಸಬೇಕು. ಬಡಗಿಯ ಮಗ ತಂದೆಯ ಬಳಿ ಉಳಿ ಹಿಡಿಯಲು ಕಲಿತಂತೆ, ಇದೊಂದು ಕಸುಬಿನ ಶಿಕ್ಷಣ.

ಆರೋಗ್ಯ ಶಾಸ್ತ್ರದ ಸಂಶೋಧನೆ ಡಾಕ್ಟರರಿಗೆ ಮಾತ್ರ ಮೀಸಲೆಂದು ಹಲವರ ಭಾವನೆ. ಅದು ಸರಿಯಲ್ಲ. ದಾದಿಯರ ಶಿಕ್ಷಣ, ಔಷಧ ಶಾಸ್ತ್ರ, ಪೋಷಣ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಸಾರ್ವಜನಿಕ ಆರೋಗ್ಯ, ಸಮಾಜ ಕಾರ್ಯ ಮೊದಲಾದವುಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೂ ಈ ಬಾಗಿಲು ತೆರೆದಿದೆ.

2. ಕ್ಷಯರೋಗದಿಂದ ಎರಡು ಉದಾಹರಣೆ

ಈ ಎರಡೂ ಪದವಿಗಾಗಿ ನಡೆದ ಕೆಲಸಗಳಲ್ಲ. ಆದರೆ ಒಳ್ಳೆಯ ಪ್ರಶ್ನೆ ಏನು ಮಾಡಬಲ್ಲದೆಂಬುದನ್ನು ಇವು ತೋರಿಸುತ್ತವೆ.

ಒಂದು ಕಾಲದಲ್ಲಿ ಕ್ಷಯ ಬಂದವನು ಆರೋಗ್ಯಧಾಮ ಸೇರಿ, ವಿಶ್ರಾಂತಿ ಪಡೆದು, ಪುಷ್ಟಿಕರವಾದ ಆಹಾರ ಉಣ್ಣಬೇಕೆಂದು ವೈದ್ಯರು ಹೇಳುತ್ತಿದ್ದರು. ನಮ್ಮ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬೆರಳೆಣಿಕೆಯಷ್ಟು. ಹಾಗಾದರೆ ಬಡವನು ತನ್ನ ಇಕ್ಕಟ್ಟಾದ ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡರೆ ಗುಣವಾಗುವುದಿಲ್ಲವೇ? 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಕೇಂದ್ರವು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ನಗರದ ಬಡ ರೋಗಿಗಳಲ್ಲಿ ಯಾರು ಮನೆಯಲ್ಲಿರಬೇಕು, ಯಾರು ಆರೋಗ್ಯಧಾಮಕ್ಕೆ ಹೋಗಬೇಕು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಚೀಟಿ ಏಕೆಂದರೆ, ವೈದ್ಯರೇ ಆರಿಸಿದ್ದರೆ ಹೆಚ್ಚು ಬಳಲಿದವರೆಲ್ಲ ಒಂದು ಕಡೆ ಸೇರಿಬಿಡುತ್ತಿದ್ದರು, ಹೋಲಿಕೆ ಕೆಟ್ಟುಹೋಗುತ್ತಿತ್ತು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಹಾರ, ವಿಶ್ರಾಂತಿಗಳು ಕಡಮೆಯಾಗಿದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದ್ದರು. ಜಗತ್ತಿನಾದ್ಯಂತ ಕ್ಷಯರೋಗಿಯನ್ನು ಮನೆಯಿಂದ ದೂರ ಮಾಡುವ ಪದ್ಧತಿ ಹಿಂದೆ ಸರಿಯಲು ಇದೂ ಒಂದು ದೊಡ್ಡ ಕಾರಣವಾಯಿತು.

ಎರಡನೆಯದು ನಮ್ಮ ತುಮಕೂರು ಜಿಲ್ಲೆಯದು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂದು ಆಗ ಹೇಳುವುದು ವಾಡಿಕೆಯಾಗಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು 'ಇದು ನಿಜವೇ?' ಎಂದು ರೋಗಿಗಳನ್ನೇ ಕೇಳುವ ಏರ್ಪಾಡು ಮಾಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆ ಅರಸಿ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಸೀಸೆ ಮಾತ್ರ. ತಪ್ಪು ಹಳ್ಳಿಗನ ತಲೆಯಲ್ಲಿರಲಿಲ್ಲ, ಆಸ್ಪತ್ರೆಯ ಪದ್ಧತಿಯಲ್ಲಿತ್ತು. ಕೇಳದೆ ಇದ್ದಿದ್ದರೆ ಈ ಮಾತು ಹೊರಬರುತ್ತಿತ್ತೇ?

3. ವಿಷಯವನ್ನು ಪ್ರಶ್ನೆಯಾಗಿ ಮಾಡುವುದು

ನಮ್ಮ ತರುಣರನ್ನು 'ಯಾವ ವಿಷಯದಲ್ಲಿ ಸಂಶೋಧನೆ ಮಾಡುತ್ತೀರಿ?' ಎಂದು ಕೇಳಿದೆವು. 'ಕ್ಷಯರೋಗ' ಎಂದರು. ಅದು ವಿಷಯ, ಪ್ರಶ್ನೆಯಲ್ಲ. 'ನಿಮ್ಮ ಕಣ್ಣಿಗೆ ಬಿದ್ದದ್ದೇನು?' ಎಂದು ಮತ್ತೆ ಕೇಳಿದಾಗ ಸ್ವಲ್ಪ ಯೋಚಿಸಿ ಹೇಳಿದರು: ಕಫ ಪರೀಕ್ಷೆಗೆ ಬರುವ ಹೋಟೆಲ್ ಕೆಲಸಗಾರರಲ್ಲಿ ಕೆಲವರು ಎರಡು ತಿಂಗಳು ಔಷಧ ತೆಗೆದುಕೊಂಡು ಕೆಮ್ಮು ನಿಂತೊಡನೆ ಊರಿಗೆ ಹೋಗುತ್ತಾರೆ, ಮರಳಿ ಬರುವಾಗ ರೋಗವನ್ನೂ ಮರಳಿ ತರುತ್ತಾರೆ.

ಇಲ್ಲಿ ಪ್ರಶ್ನೆ ಹುಟ್ಟಿತು. ಸಾಮಾನ್ಯವಾದ ಕ್ಷಯಕ್ಕೆ ಇಂದು ಆರು ತಿಂಗಳ ಔಷಧ ಸಾಕು. ಸರಕಾರಿ ಕೇಂದ್ರಗಳಲ್ಲಿ ಅದು ಧರ್ಮಾರ್ಥವಾಗಿ ದೊರೆಯುತ್ತದೆ. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು. ಔಷಧಕ್ಕೆ ಬಗ್ಗದ ರೋಗವಾಗಲೂಬಹುದು. ಹೀಗಿರುವಾಗ, ಊರಿಗೂ ನಗರಕ್ಕೂ ಓಡಾಡುವ ಕೆಲಸಗಾರನಿಗೆ ಈ ಆರು ತಿಂಗಳಲ್ಲಿ ಔಷಧ ತಪ್ಪಿದ ದಿನಗಳೆಷ್ಟು? ತಪ್ಪಿದ್ದು ಏಕೆ: ಊರಿನ ಕೇಂದ್ರ ತಿಳಿಯದೆಯೋ, ಕೆಲಸ ಹೋದೀತೆಂಬ ಭಯದಿಂದಲೋ, ನೆಂಟರಿಗೆ ಗೊತ್ತಾದೀತೆಂಬ ನಾಚಿಕೆಯಿಂದಲೋ? ಇದನ್ನು ಎಣಿಸಬಹುದು, ಕೇಳಬಹುದು, ಹೋಲಿಸಬಹುದು. ಕನ್ನಡ ತುಳು ಬಲ್ಲವನಿಗೆ ರೋಗಿಯು ಮನಸ್ಸು ಬಿಚ್ಚಿ ಹೇಳುವುದು ಹೆಚ್ಚು. ನಮ್ಮ ಬಡತನದ ಅನುಭವವೂ ಇಲ್ಲಿ ಒಂದು ಬಂಡವಾಳವೇ. ಆದರೆ ಇದೇ ಪ್ರಶ್ನೆಯನ್ನು ಬೇರೆಯವರು ಎಷ್ಟರಮಟ್ಟಿಗೆ ಬಿಡಿಸಿದ್ದಾರೆಂದು ಮೊದಲು ಓದಿ ತಿಳಿಯತಕ್ಕದ್ದು.

4. ರೋಗಿಯ ಒಪ್ಪಿಗೆ

ಮನುಷ್ಯರ ಮೇಲೆ ನಡೆಯುವ ಯಾವ ಸಂಶೋಧನೆಗೂ ನೀತಿ ಸಮಿತಿಯ ಅನುಮತಿ ಮೊದಲು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಏನು ಮಾಡುತ್ತೇವೆ, ಅದರಿಂದ ಅಪಾಯವೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಹೆಸರು ಗುಟ್ಟಾಗಿರಬೇಕು. ಬೇಡವೆಂದು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು.

ಪಿಎಚ್.ಡಿ. ಮಾಡುವ ವಿಚಾರವೇ ಇಲ್ಲದ ಸದಸ್ಯರೂ ಈ ಮಾತನ್ನು ನೆನಪಿನಲ್ಲಿಡಬೇಕು. ನಾಳೆ ಆಸ್ಪತ್ರೆಯಲ್ಲಿ ಯಾರಾದರೂ ನಿಮ್ಮ ಮುಂದೆ ಇಂಥ ಕಾಗದ ಹಿಡಿದರೆ, ತಿಳಿಯದ ಭಾಷೆಯಲ್ಲಿದೆಯೆಂದು ಸುಮ್ಮನೆ ರುಜು ಹಾಕಬೇಡಿರಿ. 'ನಮ್ಮ ಭಾಷೆಯಲ್ಲಿ ತಿಳಿಸಿ ಹೇಳಿ' ಎಂದು ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

5. ನಿಯಮಗಳು

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಲ್ಲಿ ನಮ್ಮಂಥವರಿಗೆ ಮುಖ್ಯವಾದವು ಇವು:

(ಅ) ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಶೇಕಡಾ 5ರ ವಿನಾಯಿತಿ ಇದೆ.

(ಆ) ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನು 2 ವರ್ಷ ಸಿಗಬಹುದು. ಸ್ತ್ರೀಯರಿಗೂ ಶೇಕಡಾ 40ಕ್ಕೆ ಮೀರಿದ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ 2 ವರ್ಷ. 'ಒಂದು ವರ್ಷದ ಡಾಕ್ಟರೇಟ್' ಎಂಬ ಕರಪತ್ರದ ಸುಳ್ಳು ಇಲ್ಲಿಯೇ ಬಯಲಾಗುತ್ತದೆ.

(ಇ) ನೌಕರಿಯಲ್ಲಿದ್ದುಕೊಂಡು ಅರೆಕಾಲಿಕವಾಗಿ ಮಾಡಲು ಅವಕಾಶವಿದೆ. ಓದಲು ಸಮಯ ಸಿಗುತ್ತದೆ, ಬೇಕಾದರೆ ತರಗತಿಗಳಿಗಾಗಿ ಬಿಡುವು ಕೊಡುತ್ತೇವೆ ಎಂದು ಮೇಲಧಿಕಾರಿಗಳು ಬರೆದುಕೊಡಬೇಕು.

(ಈ) ಅಂಚೆ ಶಿಕ್ಷಣದಿಂದ ಅಥವಾ ಆನ್‌ಲೈನಿನಲ್ಲಿ ಪಿಎಚ್.ಡಿ. ಮಾಡುವಂತಿಲ್ಲ.

ಪ್ರವೇಶ ಪರೀಕ್ಷೆಯ ವಿವರಗಳನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿಯೇ ನೋಡತಕ್ಕದ್ದು. ಬೆಂಗಳೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ, ನಾಸಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಈ ಕ್ಷೇತ್ರಕ್ಕೇ ಮೀಸಲಾದವು. ಹಣ ಕಟ್ಟುವ ಮೊದಲು, ಆಯೋಗವು ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಒಮ್ಮೆ ನೋಡುವುದನ್ನು ಮರೆಯಬಾರದು.

ಆ ತರುಣರು ಕಟ್ಟಿದ ಮುಂಗಡ ಮರಳಿ ಬಂದಿಲ್ಲ. ಸಾಲದ ಕಂತು ಪ್ರತಿ ತಿಂಗಳೂ ಸಂಬಳದಿಂದ ಹೋಗುತ್ತಿದೆ. ಆದರೆ ಈಗ ಭಾನುವಾರ ಬಂದರೆ ಅವರು ನಮ್ಮ ಮೂಲೆಯ ಮೇಜಿನ ಬಳಿ ನೋಟುಪುಸ್ತಕ ತೆರೆದು ಕುಳಿತಿರುತ್ತಾರೆ. ಮೊದಲ ಪುಟದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಊರು ಇದು. ಆರು ವರ್ಷ ಹಿಡಿದರೂ ಅವರು ಮುಗಿಸುವರೆಂದು ನಾವು ನಂಬಿದ್ದೇವೆ.

ಅಭ್ಯಾಸಕ್ಕಾಗಿ: (1) ಮದರಾಸಿನ ಅಧ್ಯಯನದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿದ್ದೇಕೆ? (2) 'ಸಕ್ಕರೆ ಕಾಯಿಲೆ' ಎಂಬ ವಿಷಯದಿಂದ, ನೀವು ಕಣ್ಣಾರೆ ಕಂಡದ್ದನ್ನು ಆಧರಿಸಿ, ಒಂದು ಪ್ರಶ್ನೆಯನ್ನು ಬರೆಯಿರಿ. ಬರೆದು ತಂದವರೊಡನೆ ಮುಂದಿನ ಭಾನುವಾರ ಕುಳಿತು ಚರ್ಚಿಸೋಣ.